ಗುಲ್ಮ ತೆಗೆಸಿದ ಮಗುವಿಗೆ ಜ್ವರ ಬಂದರೆ ಬೆಳಗಾಗುವವರೆಗೆ ಕಾಯಬೇಡಿರಿ



ಚಿಕ್ಕೇರೂರಿನಂತಹ ಒಂದು ಊರಿನಲ್ಲಿ ಒಂದು ಮನೆಯನ್ನು ಊಹಿಸಿಕೊಳ್ಳಿರಿ. ಮಾಗಿಯ ಕಾಲ. ಯಜಮಾನರು ಮೆಣಸಿನಕಾಯಿ ಮಾರಲು ಬ್ಯಾಡಗಿಯ ಮಾರುಕಟ್ಟೆಗೆ ಹೋಗಿದ್ದಾರೆ. ರಾತ್ರಿ ಅಲ್ಲಿಯೇ ಉಳಿಯುವರು. ಮನೆಯಲ್ಲಿ ಸೊಸೆ, ಅತ್ತೆ ಮತ್ತು ಎಂಟು ವರ್ಷದ ಹುಡುಗ ಇದ್ದಾರೆ. ಹುಡುಗನಿಗೆ ಹುಟ್ಟಿನಿಂದಲೇ ಥಲಸ್ಸೇಮಿಯಾ ಎಂಬ ರಕ್ತದ ಕಾಯಿಲೆ. ಎರಡು ವರ್ಷಗಳ ಹಿಂದೆ ಶಸ್ತ್ರಕ್ರಿಯೆಯ ಮೂಲಕ ಅವನ ಗುಲ್ಮವನ್ನು ತೆಗೆಯಲಾಗಿದೆ. ಅಂದಿನಿಂದ ಅವನು ಗೆಲುವಾಗಿದ್ದಾನೆ, ಶಾಲೆಗೆ ಹೋಗುತ್ತಾನೆ, ಓರಗೆಯವರೊಡನೆ ಆಡುತ್ತಾನೆ. ಆ ಸಂಜೆ ಮಾತ್ರ ಊಟ ಬೇಡವೆಂದು ಕಂಬಳಿ ಹೊದ್ದು ಮಲಗಿದ. ಮೈ ನಡುಗುತ್ತಿದೆ, ಹಣೆ ಸುಡುತ್ತಿದೆ. ಅತ್ತೆಯವರು ಹೇಳುತ್ತಾರೆ: “ಬಿಸಿಲಿನಲ್ಲಿ ಆಡಿದ್ದಾನೆ, ಮಲಗಲಿ ಬಿಡು. ಮುಂಜಾನೆ ಅವನ ಅಪ್ಪ ಬಂದ ಮೇಲೆ ನೋಡೋಣ.”

ಬೇರೆ ಮಕ್ಕಳ ವಿಷಯದಲ್ಲಿ ಈ ಮಾತಿನಿಂದ ಹೆಚ್ಚಿನ ಹಾನಿ ಆಗಲಾರದು. ಆದರೆ ಗುಲ್ಮವಿಲ್ಲದ ಮಗುವಿನ ವಿಷಯದಲ್ಲಿ ಇದೇ ಮಾತು ಪ್ರಾಣಕ್ಕೆ ಎರವಾಗಬಹುದು. ಹೀಗೇಕೆ, ಅಂತಹ ರಾತ್ರಿಯಲ್ಲಿ ಏನು ಮಾಡಬೇಕು, ಅಂತಹ ರಾತ್ರಿಯೇ ಬಾರದಂತೆ ಮೊದಲೇ ಯಾವ ಎಚ್ಚರಿಕೆಗಳನ್ನು ವಹಿಸಬೇಕು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ. ಪತಿ-ಪತ್ನಿಯರಿಬ್ಬರೂ ಒಟ್ಟಿಗೆ ಕುಳಿತು ಇದನ್ನು ಓದಿರಿ. ಮನೆಯ ಹಿರಿಯರಿಗೂ ಓದಿ ಹೇಳಿರಿ.

ಗುಲ್ಮ ಎಂದರೇನು?

ಹೊಟ್ಟೆಯ ಎಡಭಾಗದಲ್ಲಿ, ಪಕ್ಕೆಲುಬುಗಳ ಮರೆಯಲ್ಲಿ, ಜಠರದ ಪಕ್ಕಕ್ಕೆ ಇರುವ ಮೆತ್ತನೆಯ ಅಂಗವೇ ಗುಲ್ಮ. ಇದಕ್ಕೆ ಪ್ಲೀಹವೆಂಬ ಹೆಸರೂ ಉಂಟು. ವಯಸ್ಕರಲ್ಲಿ ಇದು ಒಂದು ಮುಷ್ಟಿಯಷ್ಟು ದೊಡ್ಡದಾಗಿದ್ದು, ಸುಮಾರು 150 ಗ್ರಾಂ ತೂಗುತ್ತದೆ. ಮಲೇರಿಯಾ ಜ್ವರದಲ್ಲಿ ಇದು ಊದಿಕೊಂಡು ಕೈಗೆ ಗಡ್ಡೆಯಂತೆ ಸಿಗುವುದರಿಂದ ಹಿರಿಯರು ಇದನ್ನು ಜ್ವರಗಡ್ಡೆ ಎನ್ನುತ್ತಿದ್ದರು.

ಗುಲ್ಮವು ಎರಡು ಮುಖ್ಯ ಕೆಲಸಗಳನ್ನು ಮಾಡುತ್ತದೆ. ಮೊದಲನೆಯದು, ರಕ್ತವನ್ನು ಸೋಸುವುದು. ನಮ್ಮ ಕೆಂಪು ರಕ್ತಕಣಗಳ ಆಯುಸ್ಸು ಸುಮಾರು 120 ದಿನಗಳು. ಮೊರದಲ್ಲಿ ಕೇರಿ ಜೊಳ್ಳನ್ನು ಬೇರೆ ಮಾಡುವಂತೆ, ಹಳೆಯದಾದ ಮತ್ತು ಕೆಟ್ಟುಹೋದ ಕಣಗಳನ್ನು ಗುಲ್ಮವು ಆರಿಸಿ ತೆಗೆಯುತ್ತದೆ.

ಎರಡನೆಯದು, ರಕ್ತಕ್ಕೆ ಸೇರಿದ ರೋಗಾಣುಗಳನ್ನು ಹಿಡಿದು ನಾಶಮಾಡುವುದು. ಕೆಲವು ರೋಗಾಣುಗಳ ಮೈಮೇಲೆ ನುಣುಪಾದ ಹೊದಿಕೆ ಇರುತ್ತದೆ. ಮೈಗೆ ಎಣ್ಣೆ ಸವರಿಕೊಂಡು ಬಂದ ಕಳ್ಳನು ಹಿಡಿದವರ ಕೈಯಿಂದ ಜಾರಿಕೊಳ್ಳುವಂತೆ, ಇವು ರಕ್ತದಲ್ಲಿರುವ ಬಿಳಿಕಣಗಳ ಹಿಡಿತದಿಂದ ಜಾರಿಕೊಳ್ಳುತ್ತವೆ. ಇಂತಹವುಗಳನ್ನು ಗುಲ್ಮದ ಇಕ್ಕಟ್ಟಾದ ದಾರಿಗಳಲ್ಲಿ ತಡೆದು ಹಿಡಿಯಲಾಗುತ್ತದೆ. ಅವುಗಳ ವಿರುದ್ಧ ಹೋರಾಡುವ ರಕ್ಷಕ ವಸ್ತುಗಳೂ ಗುಲ್ಮದಲ್ಲಿ ತಯಾರಾಗುತ್ತವೆ. ನ್ಯುಮೋನಿಯಾ ಮತ್ತು ಮಿದುಳಿನ ಪೊರೆಯ ಬಾವನ್ನು ಉಂಟುಮಾಡುವ ನ್ಯೂಮೋಕಾಕಸ್, ಹಿಬ್ ಮತ್ತು ಮೆನಿಂಗೋಕಾಕಸ್ ಎಂಬ ರೋಗಾಣುಗಳು ಈ ಗುಂಪಿಗೆ ಸೇರಿದವು. ಅವುಗಳಲ್ಲಿ ನ್ಯೂಮೋಕಾಕಸ್‌ನಿಂದಲೇ ಭಯ ಹೆಚ್ಚು.

ಗುಲ್ಮವನ್ನು ಏಕೆ ತೆಗೆಯುತ್ತಾರೆ?

ತಂದೆತಾಯಿಗಳಿಂದ ಮಕ್ಕಳಿಗೆ ಬರುವ ಕೆಲವು ರಕ್ತದ ಕಾಯಿಲೆಗಳಲ್ಲಿ ಗುಲ್ಮವೇ ತೊಂದರೆಗೆ ಕಾರಣವಾಗುತ್ತದೆ.

ಥಲಸ್ಸೇಮಿಯಾದಲ್ಲಿ ಶರೀರವು ಸರಿಯಾದ ಕೆಂಪು ಕಣಗಳನ್ನು ತಯಾರಿಸಲಾರದು. ದೋಷವುಳ್ಳ ಕಣಗಳನ್ನು ಸೋಸಿ ಸೋಸಿ ಗುಲ್ಮವು ದೊಡ್ಡದಾಗುತ್ತದೆ. ಬಳಿಕ ಅದು ಹೊರಗಿನಿಂದ ಕೊಟ್ಟ ಒಳ್ಳೆಯ ರಕ್ತವನ್ನೂ ನಾಶಪಡಿಸತೊಡಗುತ್ತದೆ. ಆಗ ಮಗುವಿಗೆ ಮತ್ತೆ ಮತ್ತೆ, ಹೆಚ್ಚು ಹೆಚ್ಚು ರಕ್ತ ಕೊಡಬೇಕಾಗುತ್ತದೆ. ವೈದ್ಯರು ಹೇಳಿದ ದಿನಗಳಂದು ತಪ್ಪದೆ ರಕ್ತ ಕೊಡಿಸುತ್ತ ಬಂದರೆ ಗುಲ್ಮವು ಅಷ್ಟಾಗಿ ಊದುವುದಿಲ್ಲ. ಆದುದರಿಂದ ಇಂದಿನ ದಿನಗಳಲ್ಲಿ ಈ ಶಸ್ತ್ರಕ್ರಿಯೆಯ ಅಗತ್ಯವು ಹಿಂದಿಗಿಂತ ಕಡಿಮೆಯಾಗಿದೆ.

ಇನ್ನೊಂದು ಕಾಯಿಲೆಯಲ್ಲಿ ಕೆಂಪು ಕಣಗಳು ತಟ್ಟೆಯಾಕಾರದಲ್ಲಿರದೆ ಗೋಲಿಯಂತೆ ಗುಂಡಾಗಿರುತ್ತವೆ. ಇದಕ್ಕೆ ಸ್ಫೀರೋಸೈಟೋಸಿಸ್ ಎಂದು ಹೆಸರು. ಗುಂಡಾದ ಕಣಗಳು ಗುಲ್ಮದಲ್ಲಿ ಸಿಕ್ಕಿಕೊಂಡು ಒಡೆಯುತ್ತವೆ. ಕಾಯಿಲೆ ತೀವ್ರವಾಗಿದ್ದರೆ ಗುಲ್ಮವನ್ನು ತೆಗೆಯುವುದರಿಂದ ರಕ್ತಹೀನತೆ ಕಡಿಮೆಯಾಗುತ್ತದೆ.

ಮೂರನೆಯದು, ಕೆಂಪು ಕಣಗಳು ಕುಡುಗೋಲಿನಂತೆ ಬಾಗುವ ಸಿಕಲ್ ಸೆಲ್ ಕಾಯಿಲೆ. ಭಾರತದಲ್ಲಿ ಇದನ್ನು ಮೊದಲು ಗುರುತಿಸಿದುದು 1952ರಲ್ಲಿ, ನೀಲಗಿರಿಯ ಬುಡಕಟ್ಟು ಜನರಲ್ಲಿ. ನಮ್ಮ ರಾಜ್ಯದ ಮೈಸೂರು, ಚಾಮರಾಜನಗರ ಮತ್ತು ಕೊಡಗು ಜಿಲ್ಲೆಗಳ ಕಾಡಂಚಿನ ಬುಡಕಟ್ಟುಗಳಲ್ಲಿಯೂ ಇದು ಕಂಡುಬರುತ್ತದೆ. 2023ರ ಜುಲೈ 1ರಂದು ಆರಂಭವಾದ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನ ಕಾರ್ಯಕ್ರಮದಲ್ಲಿ ಕರ್ನಾಟಕವೂ ಸೇರಿದೆ. ಈ ಕಾಯಿಲೆಯುಳ್ಳ ಮಕ್ಕಳಲ್ಲಿ ಸಣ್ಣ ವಯಸ್ಸಿನಲ್ಲಿಯೇ ಗುಲ್ಮವು ತಾನಾಗಿ ಕುಗ್ಗಿ ನಿರುಪಯೋಗಿಯಾಗುವುದುಂಟು. ಹೊಟ್ಟೆಯ ಮೇಲೆ ಶಸ್ತ್ರಕ್ರಿಯೆಯ ಗುರುತು ಇರದಿದ್ದರೂ ಅಂತಹ ಮಗುವನ್ನು ಗುಲ್ಮವಿಲ್ಲದ ಮಗುವೆಂದೇ ತಿಳಿಯತಕ್ಕದ್ದು. ಮುಂದೆ ಹೇಳುವ ಎಚ್ಚರಿಕೆಗಳೆಲ್ಲವೂ ಆ ಮಗುವಿಗೂ ಅನ್ವಯಿಸುತ್ತವೆ.

ಅಪಾಯ ಎಲ್ಲಿದೆ?

ಗುಲ್ಮವಿಲ್ಲದೆಯೂ ಮನುಷ್ಯನು ಬದುಕಬಲ್ಲನು, ದುಡಿಯಬಲ್ಲನು, ಸಂಸಾರ ನಡೆಸಬಲ್ಲನು. ಆದುದರಿಂದಲೇ ಹಿಂದೆ ಇದನ್ನು ಇದ್ದರೂ ಆಗುವ, ಇಲ್ಲದಿದ್ದರೂ ಆಗುವ ಅಂಗವೆಂದು ಭಾವಿಸಿದ್ದರು. 1952ರಲ್ಲಿ ಅಮೆರಿಕದ ಕಿಂಗ್ ಮತ್ತು ಶುಮ್ಯಾಕರ್ ಎಂಬ ವೈದ್ಯರು, ಗುಲ್ಮ ತೆಗೆಸಿಕೊಂಡ ಐದು ಹಸುಗೂಸುಗಳ ವಿಷಯವನ್ನು ಪ್ರಕಟಿಸಿ, ಇಂತಹ ಮಕ್ಕಳು ಭಯಂಕರವಾದ ಸೋಂಕಿಗೆ ತುತ್ತಾಗುವ ಸಂಭವವಿದೆಯೆಂದು ಎಚ್ಚರಿಸಿದರು. ಅಂದಿನಿಂದ ವೈದ್ಯರು ಸಾಧ್ಯವಾದಷ್ಟು ಮಟ್ಟಿಗೆ ಮಗುವಿಗೆ ಐದು ವರ್ಷ ತುಂಬುವವರೆಗೆ ಈ ಶಸ್ತ್ರಕ್ರಿಯೆಯನ್ನು ಮುಂದೂಡುತ್ತಾರೆ.

ಈ ಸೋಂಕು ಆರಂಭದಲ್ಲಿ ಸಾಧಾರಣ ಜ್ವರದಂತೆಯೇ ಕಾಣುತ್ತದೆ. ಸ್ವಲ್ಪ ಚಳಿ, ಮೈಕೈ ನೋವು, ತಲೆನೋವು, ವಾಂತಿ ಅಥವಾ ಭೇದಿ. ಕೆಲವೇ ತಾಸುಗಳಲ್ಲಿ ರೋಗಾಣುಗಳು ರಕ್ತದ ತುಂಬ ಹಬ್ಬುತ್ತವೆ. ಕೈಕಾಲು ತಣ್ಣಗಾಗುತ್ತವೆ, ರಕ್ತದ ಒತ್ತಡ ಇಳಿಯುತ್ತದೆ, ಪ್ರಜ್ಞೆ ತಪ್ಪುತ್ತದೆ. ಒಂದೆರಡು ದಿನಗಳೊಳಗೆ ಸಾವು ಸಂಭವಿಸಬಹುದು. ಹೀಗೆ ಸೋಂಕು ಬಲಿತುಹೋದವರಲ್ಲಿ ಅರ್ಧದಷ್ಟು ಮಂದಿ ಬದುಕಿ ಉಳಿಯದಿರುವುದುಂಟು.

ಚಿಕ್ಕ ಮಕ್ಕಳಲ್ಲಿ ಮತ್ತು ಶಸ್ತ್ರಕ್ರಿಯೆಯಾದ ಮೊದಲ ಎರಡು ಮೂರು ವರ್ಷಗಳಲ್ಲಿ ಈ ಅಪಾಯವು ಹೆಚ್ಚು. ಆದರೆ ಅನಂತರ ಅದು ತೀರಿತೆಂದು ತಿಳಿಯಕೂಡದು. ಇಪ್ಪತ್ತು ವರ್ಷಗಳ ಬಳಿಕವೂ ಇಂತಹ ಸೋಂಕು ಬಂದ ಉದಾಹರಣೆಗಳಿವೆ. ಗುಲ್ಮವಿಲ್ಲದವರು ಜೀವಮಾನವಿಡೀ ಎಚ್ಚರದಿಂದಿರಬೇಕು.

ಇದನ್ನು ಓದಿ ಹೆದರಬೇಕಾಗಿಲ್ಲ. ಈ ಸೋಂಕನ್ನು ಬಹುಮಟ್ಟಿಗೆ ತಡೆಯಬಹುದು. ಅದಕ್ಕೆ ನಾಲ್ಕು ರಕ್ಷಣೆಗಳಿವೆ.

ಮೊದಲನೆಯ ರಕ್ಷಣೆ: ಲಸಿಕೆ

ನ್ಯೂಮೋಕಾಕಸ್, ಹಿಬ್ ಮತ್ತು ಮೆನಿಂಗೋಕಾಕಸ್ ಈ ಮೂರರ ವಿರುದ್ಧವೂ ಲಸಿಕೆಗಳಿವೆ. ಶಸ್ತ್ರಕ್ರಿಯೆಗೆ ಕನಿಷ್ಠ ಎರಡು ವಾರ ಮುಂಚಿತವಾಗಿ ಇವುಗಳನ್ನು ಹಾಕಿಸಬೇಕು. ಗುಲ್ಮ ಇರುವಾಗಲೇ ಹಾಕಿಸಿದರೆ ಲಸಿಕೆಯ ಫಲ ಹೆಚ್ಚು. ತುರ್ತಾಗಿ ಶಸ್ತ್ರಕ್ರಿಯೆ ನಡೆದಿದ್ದಲ್ಲಿ, ಎರಡು ವಾರಗಳ ಬಳಿಕ ಹಾಕಿಸಿರಿ. ಎಂದೋ ಶಸ್ತ್ರಕ್ರಿಯೆಯಾಗಿ ಲಸಿಕೆ ಹಾಕಿಸದೆ ಉಳಿದವರೂ ಈಗ ಹಾಕಿಸಿಕೊಳ್ಳಬಹುದು. ತಡವಾಯಿತೆಂದು ಕೈಬಿಡಬೇಡಿರಿ.

ಸರ್ಕಾರದ ಲಸಿಕಾ ಕಾರ್ಯಕ್ರಮದಲ್ಲಿ ಹಿಬ್ ಲಸಿಕೆಯು ಪೆಂಟಾವಲೆಂಟ್ ಚುಚ್ಚುಮದ್ದಿನಲ್ಲಿ ಸೇರಿದ್ದು, 6, 10 ಮತ್ತು 14ನೆಯ ವಾರಗಳಲ್ಲಿ ಕೊಡಲ್ಪಡುತ್ತದೆ. ನ್ಯೂಮೋಕಾಕಸ್ ಲಸಿಕೆಯನ್ನು 6ನೆಯ ವಾರ, 14ನೆಯ ವಾರ ಮತ್ತು 9ನೆಯ ತಿಂಗಳಿನಲ್ಲಿ ಕೊಡುತ್ತಾರೆ. ಇದು ದೇಶದಾದ್ಯಂತ ವಿಸ್ತರಿಸಿದುದು 2021ರಲ್ಲಿ. ಆದುದರಿಂದ ಅದಕ್ಕೆ ಮೊದಲು ಹುಟ್ಟಿದ ಮಕ್ಕಳಿಗೆ ಈ ಲಸಿಕೆ ಆಗಿರಲಿಕ್ಕಿಲ್ಲ. ತಾಯಿ ಕಾರ್ಡನ್ನು ಆರೋಗ್ಯ ಕೇಂದ್ರಕ್ಕೆ ಒಯ್ದು ಪರೀಕ್ಷಿಸಿಕೊಳ್ಳಿರಿ.

ಗುಲ್ಮವಿಲ್ಲದ ಮಕ್ಕಳಿಗೆ ಇಷ್ಟೇ ಸಾಲದು. ಎರಡು ವರ್ಷ ದಾಟಿದ ಮೇಲೆ 23 ಬಗೆಯ ನ್ಯೂಮೋಕಾಕಸ್‌ಗಳನ್ನು ತಡೆಯುವ ಮತ್ತೊಂದು ಲಸಿಕೆಯನ್ನು ಕೊಡುವ ಪದ್ಧತಿಯಿದೆ. ಇದನ್ನು ಮೊದಲಿನ ಲಸಿಕೆಯಾದ ಎಂಟು ವಾರಗಳ ಅನಂತರ ಹಾಕಿ, ಐದು ವರ್ಷಗಳ ಬಳಿಕ ಮತ್ತೊಮ್ಮೆ ಹಾಕುತ್ತಾರೆ. ಮೆನಿಂಗೋಕಾಕಸ್ ಲಸಿಕೆ ಹಾಗೂ ವರ್ಷಕ್ಕೊಮ್ಮೆ ಹಾಕಿಸುವ ಇನ್‌ಫ್ಲುಯೆಂಜಾ ಲಸಿಕೆಯೂ ಅವಶ್ಯ. ಇವು ಎಲ್ಲ ಮಕ್ಕಳಿಗೆ ಕೊಡುವ ಲಸಿಕೆಗಳ ಪಟ್ಟಿಯಲ್ಲಿಲ್ಲ. ಇವುಗಳಿಗಾಗಿ ಶಸ್ತ್ರಕ್ರಿಯೆ ಮಾಡುವ ಆಸ್ಪತ್ರೆಯ ವೈದ್ಯರನ್ನು ಮೊದಲೇ ವಿಚಾರಿಸಿರಿ. ಯಾವ ಲಸಿಕೆ, ಯಾವ ದಿನಾಂಕ ಎಂಬುದನ್ನು ಬರೆಸಿಕೊಳ್ಳಿರಿ.

ಎರಡನೆಯ ರಕ್ಷಣೆ: ನಿತ್ಯದ ಗುಳಿಗೆ

ಲಸಿಕೆಯು ಎಲ್ಲ ಬಗೆಯ ರೋಗಾಣುಗಳನ್ನೂ ತಡೆಯಲಾರದು. ಆದುದರಿಂದ ಪೆನಿಸಿಲಿನ್ ಗುಳಿಗೆಯನ್ನು ದಿನಕ್ಕೆ ಎರಡು ಸಲ, ಬೆಳಿಗ್ಗೆ ಮತ್ತು ರಾತ್ರಿ, ಕೊಡಬೇಕಾಗುತ್ತದೆ. ಸಾಮಾನ್ಯವಾಗಿ ಚಿಕ್ಕ ಮಕ್ಕಳಿಗೆ ಪ್ರತಿ ಸಲ 125 ಮಿಲಿಗ್ರಾಂ, ದೊಡ್ಡ ಮಕ್ಕಳಿಗೆ 250 ಮಿಲಿಗ್ರಾಂ ಕೊಡುವುದು ವಾಡಿಕೆ. ನಿಮ್ಮ ಮಗುವಿಗೆ ಎಷ್ಟು ಎಂಬುದನ್ನು ವೈದ್ಯರೇ ನಿರ್ಧರಿಸತಕ್ಕದ್ದು. ಪೆನಿಸಿಲಿನ್ ಒಗ್ಗದವರಿಗೆ ಬೇರೆ ಔಷಧಿಗಳಿವೆ.

1986ರಲ್ಲಿ ಅಮೆರಿಕದಲ್ಲಿ ಸಿಕಲ್ ಸೆಲ್ ಕಾಯಿಲೆಯ ಚಿಕ್ಕ ಮಕ್ಕಳ ಮೇಲೆ ನಡೆದ ಒಂದು ಅಧ್ಯಯನದ ಫಲಿತಾಂಶವು ಪ್ರಕಟವಾಯಿತು. ದಿನಕ್ಕೆರಡು ಸಲ ಪೆನಿಸಿಲಿನ್ ಪಡೆದ ಮಕ್ಕಳಲ್ಲಿ ನ್ಯೂಮೋಕಾಕಸ್‌ನ ಸೋಂಕು ಶೇಕಡಾ 84ರಷ್ಟು ಕಡಿಮೆಯಾಗಿತ್ತು. ಗುಣವು ಇಷ್ಟು ಸ್ಪಷ್ಟವಾಗಿ ಕಂಡುದರಿಂದ, ಎಲ್ಲ ಮಕ್ಕಳಿಗೂ ಔಷಧಿ ದೊರೆಯಲೆಂದು ಅಧ್ಯಯನವನ್ನು ನಿಗದಿತ ಅವಧಿಗೆ ಮೊದಲೇ ನಿಲ್ಲಿಸಲಾಯಿತು.

ಮಗು ಚೆನ್ನಾಗಿದೆಯೆಂದು ಗುಳಿಗೆಯನ್ನು ನಿಲ್ಲಿಸುವುದೇ ನಾವು ಸಾಧಾರಣವಾಗಿ ಮಾಡುವ ತಪ್ಪು. ಮಗು ಚೆನ್ನಾಗಿರುವುದಕ್ಕೆ ಆ ಗುಳಿಗೆಯೂ ಒಂದು ಕಾರಣ. ಎಷ್ಟು ವರ್ಷ ಕೊಡಬೇಕೆಂಬುದು ಕಾಯಿಲೆಯನ್ನೂ ವಯಸ್ಸನ್ನೂ ಅವಲಂಬಿಸಿದೆ. ಕೆಲವರಿಗೆ ಜೀವನಪರ್ಯಂತ ಬೇಕಾಗಬಹುದು. ವೈದ್ಯರು ನಿಲ್ಲಿಸಿರೆನ್ನುವ ತನಕ ನಿಲ್ಲಿಸಬೇಡಿರಿ. ಡಬ್ಬಿಯಲ್ಲಿ ಒಂದು ವಾರಕ್ಕಾಗುವಷ್ಟು ಗುಳಿಗೆ ಉಳಿದಿರುವಾಗಲೇ ಹೊಸದನ್ನು ತನ್ನಿರಿ. ದುಡಿಮೆಗಾಗಿ ಪರಊರಿಗೆ ಹೋಗುವಾಗ ಬಟ್ಟೆಗಂಟಿಗಿಂತ ಮೊದಲು ಇದನ್ನು ಕಟ್ಟಿಕೊಳ್ಳಿರಿ.

ಮೂರನೆಯ ರಕ್ಷಣೆ: ಜ್ವರ ಬಂದೊಡನೆ ಆಸ್ಪತ್ರೆಗೆ

ಲಸಿಕೆ ಹಾಕಿಸಿದ್ದರೂ, ಗುಳಿಗೆ ತಪ್ಪದೆ ನುಂಗಿಸಿದ್ದರೂ, ಗುಲ್ಮವಿಲ್ಲದವರಿಗೆ ಬರುವ ಪ್ರತಿಯೊಂದು ಜ್ವರವನ್ನೂ ತುರ್ತು ಪರಿಸ್ಥಿತಿಯೆಂದೇ ಭಾವಿಸತಕ್ಕದ್ದು. ಮನೆಯಲ್ಲಿ ಒಂದು ಜ್ವರಮಾಪಕವಿರಲಿ. ಅದು 100.4 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 38 ಡಿಗ್ರಿ ಸೆಲ್ಸಿಯಸ್, ಅಥವಾ ಅದಕ್ಕೂ ಹೆಚ್ಚು ತೋರಿಸಿದರೆ ಹೊರಡಲೇಬೇಕು. ಜ್ವರವಿಲ್ಲದಿದ್ದರೂ ಮೈನಡುಕ, ಅತಿಯಾದ ಮಂಪರು, ಕತ್ತು ಬಿಗಿತ, ಏದುಸಿರು, ಚರ್ಮದ ಮೇಲೆ ನೇರಳೆ ಬಣ್ಣದ ಚುಕ್ಕೆಗಳು ಇವುಗಳಲ್ಲಿ ಯಾವುದು ಕಂಡರೂ ತಡಮಾಡಕೂಡದು.

ಆಗ ಮಾಡಬೇಕಾದುದು ಇಷ್ಟು:

1. ಇಂತಹ ಸಮಯಕ್ಕೆಂದು ವೈದ್ಯರು ಮೊದಲೇ ಬರೆದುಕೊಟ್ಟ ಔಷಧಿ ಮನೆಯಲ್ಲಿದ್ದರೆ, ಅವರು ಹೇಳಿದ ಪ್ರಮಾಣದಲ್ಲಿ ಮೊದಲ ಸಲದ್ದನ್ನು ಕೂಡಲೇ ಕೊಡಿರಿ. ಔಷಧಿ ಕೊಟ್ಟೆವೆಂದು ಮನೆಯಲ್ಲಿ ಕುಳಿತುಕೊಳ್ಳಬೇಡಿರಿ. ಅದು ದಾರಿಯಲ್ಲಿ ಕಳೆಯುವ ಹೊತ್ತಿಗಾಗಿ ಮಾತ್ರ.

2. 108ಕ್ಕೆ ದೂರವಾಣಿ ಮಾಡಿರಿ. ಈ ಆಂಬುಲೆನ್ಸ್ ಸೇವೆಯು ನಮ್ಮ ರಾಜ್ಯದಲ್ಲಿ 2008ರಿಂದ ಹಗಲು ರಾತ್ರಿ ಉಚಿತವಾಗಿ ದೊರೆಯುತ್ತಿದೆ. ಅದಕ್ಕಿಂತ ಬೇಗ ಬೇರೆ ವಾಹನ ದೊರೆತರೆ ಅದರಲ್ಲಿಯೇ ಹೊರಡಿರಿ.

3. ರಾತ್ರಿಯಲ್ಲಿಯೂ ವೈದ್ಯರಿರುವ ಆಸ್ಪತ್ರೆಗೆ ಹೋಗಿರಿ. ಅದು ಯಾವುದು, ಹಿರೇಕೆರೂರಿನದೋ ಹಾವೇರಿಯದೋ ಎಂಬುದನ್ನು ಇಂದೇ ವಿಚಾರಿಸಿ ಇಟ್ಟುಕೊಳ್ಳಿರಿ.

4. ಒಳಗೆ ಕಾಲಿಟ್ಟೊಡನೆ, “ಈ ಮಗುವಿಗೆ ಗುಲ್ಮವಿಲ್ಲ, ಜ್ವರ ಬಂದಿದೆ” ಎಂದು ಮೊದಲು ಹೇಳಿರಿ. ಈ ಒಂದು ಮಾತಿನಿಂದ ವೈದ್ಯರು ಪರೀಕ್ಷೆಗಳ ಫಲಿತಾಂಶಕ್ಕೆ ಕಾಯದೆ ರೋಗಾಣುನಾಶಕ ಚುಚ್ಚುಮದ್ದನ್ನು ಆರಂಭಿಸುವರು.

5. ಮಗುವಿಗೆ ಶರೀರದಲ್ಲಿ ಕೂಡಿಕೊಂಡ ಕಬ್ಬಿಣಾಂಶವನ್ನು ಹೊರಹಾಕುವ ಔಷಧಿ ನಡೆದಿದ್ದರೆ, ಜ್ವರ ಬಂದ ದಿನ ಅದನ್ನು ನಿಲ್ಲಿಸಿ ವೈದ್ಯರಿಗೆ ತಿಳಿಸಿರಿ. ಇವುಗಳಲ್ಲಿ ಕೆಲವು ಔಷಧಿಗಳಿಂದ ಕೆಲವು ಬಗೆಯ ಸೋಂಕುಗಳು ಹೆಚ್ಚುವುದುಂಟು. ಇನ್ನು ಕೆಲವು ಬಿಳಿಕಣಗಳನ್ನು ಕಡಿಮೆ ಮಾಡುವುದುಂಟು. ಮತ್ತೆ ಯಾವಾಗ ಆರಂಭಿಸಬೇಕೆಂಬುದನ್ನು ವೈದ್ಯರು ಹೇಳುವರು.

ಪ್ಯಾರಾಸಿಟಮಾಲ್ ಗುಳಿಗೆಯಿಂದ ಮೈಯ ಕಾವು ಇಳಿಯಬಹುದು. ಆದರೆ ರಕ್ತದಲ್ಲಿರುವ ರೋಗಾಣು ಸಾಯುವುದಿಲ್ಲ. ಕಾವು ಇಳಿಯಿತೆಂದು ಪ್ರಯಾಣವನ್ನು ಮುಂದೂಡಬೇಡಿರಿ. ದೃಷ್ಟಿ ತೆಗೆಯುವುದು, ಅಂತ್ರ ಕಟ್ಟಿಸುವುದು ನಿಮ್ಮ ನಂಬಿಕೆಯಾಗಿದ್ದರೆ, ಅದು ಆಸ್ಪತ್ರೆಯಿಂದ ಮರಳಿದ ಮೇಲೆ ಆಗಲಿ.

ನಾಲ್ಕನೆಯ ರಕ್ಷಣೆ: ತಿಳಿಸಿಡುವುದು

“ಗುಲ್ಮವನ್ನು ತೆಗೆಯಲಾಗಿದೆ” ಎಂದು ಬರೆದು ವೈದ್ಯರ ಸಹಿ ಹಾಕಿಸಿದ ಚೀಟಿಯೊಂದು ಸದಾ ಮಗುವಿನ ಬಳಿ ಇರಬೇಕು. ಕಾಯಿಲೆಯ ಹೆಸರು, ರಕ್ತದ ಗುಂಪು, ಲಸಿಕೆಗಳ ದಿನಾಂಕ, ಒಗ್ಗದ ಔಷಧಿ ಇವೂ ಅದರಲ್ಲಿರಲಿ. ಅದರ ಪ್ರತಿಯನ್ನು ಶಾಲೆಯ ಮುಖ್ಯೋಪಾಧ್ಯಾಯರಿಗೂ, ವಸತಿನಿಲಯದಲ್ಲಿದ್ದರೆ ಅಲ್ಲಿಯ ಮೇಲ್ವಿಚಾರಕರಿಗೂ ಕೊಡಿರಿ. ನಿಮ್ಮ ಊರಿನ ಆಶಾ ಕಾರ್ಯಕರ್ತೆಗೂ ತಿಳಿಸಿರಿ.

ಸಂಬಂಧ ಕೆಟ್ಟೀತೆಂಬ ಅಂಜಿಕೆಯಿಂದ ಹೆಣ್ಣುಮಕ್ಕಳ ಶಸ್ತ್ರಕ್ರಿಯೆಯನ್ನು ಮುಚ್ಚಿಡುವ ತಾಯ್ತಂದೆಗಳುಂಟು. ಅವರ ಸಂಕಟ ಅರ್ಥವಾಗತಕ್ಕದ್ದೇ. ಆದರೆ ಗಂಡನ ಮನೆಯಲ್ಲಿ ಜ್ವರ ಬಂದ ರಾತ್ರಿ ಅವಳನ್ನು ಕಾಯುವವರು ಯಾರು? ವಿಷಯ ತಿಳಿಯದ ಮನೆಯವರು ಬೆಳಗಾಗಲಿ ಎಂದೇ ಹೇಳುವರು. ಬಸುರಿಯಾದಾಗ ವೈದ್ಯರಿಗೂ ಇದು ತಿಳಿದಿರಬೇಕು. ಮುಚ್ಚಿಟ್ಟು ಮಾಡಿದ ಮದುವೆಗಿಂತ ಮಗಳ ಪ್ರಾಣ ದೊಡ್ಡದು.

ಇನ್ನೆರಡು ಎಚ್ಚರಿಕೆಗಳು

ನಾಯಿ ಕಚ್ಚಿದರೆ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಬೇಕೆಂಬುದು ಎಲ್ಲರಿಗೂ ಅನ್ವಯಿಸುವ ನಿಯಮ. ಗುಲ್ಮವಿಲ್ಲದವರಿಗೆ ಹುಚ್ಚುನಾಯಿ ರೋಗದ ಚುಚ್ಚುಮದ್ದಿನ ಜೊತೆಗೆ ರೋಗಾಣುನಾಶಕ ಔಷಧಿಯೂ ಅವಶ್ಯ. ನಾಯಿಯ ಬಾಯಿಯಲ್ಲಿರುವ ಒಂದು ರೋಗಾಣು ಇವರಿಗೆ ವಿಶೇಷವಾಗಿ ಅಪಾಯಕಾರಿ. ಸಾಕಿದ ನಾಯಿಯೆಂದು ಅಲಕ್ಷಿಸಬೇಡಿರಿ.

ಮಲೇರಿಯಾ ಕೂಡ ಇವರಲ್ಲಿ ಉಗ್ರವಾಗುತ್ತದೆ. ಮಗು ಸೊಳ್ಳೆಪರದೆಯೊಳಗೆ ಮಲಗಲಿ. ಮನೆಯ ಸುತ್ತ ನೀರು ನಿಲ್ಲದಿರಲಿ.

ಇವುಗಳನ್ನು ಬಿಟ್ಟರೆ ವಿಶೇಷ ಪಥ್ಯವೇನೂ ಇಲ್ಲ. ಇಂತಹ ಮಗುವನ್ನು ಮನೆಯೊಳಗೆ ಕೂಡಿಹಾಕಬೇಡಿರಿ. ಅದು ಓದಲಿ, ಆಡಲಿ, ಜಾತ್ರೆಗೆ ಬರಲಿ.

ಮುಂದಿನ ಮಗುವಿನ ವಿಚಾರ

ಭಾರತದಲ್ಲಿ ನೂರು ಜನರಲ್ಲಿ ಸುಮಾರು ಮೂರು ನಾಲ್ಕು ಮಂದಿ ಥಲಸ್ಸೇಮಿಯಾದ ಅಂಶವನ್ನು ಹೊತ್ತಿರುತ್ತಾರೆ. ಅವರಿಗೆ ಸಾಮಾನ್ಯವಾಗಿ ತೊಂದರೆಯಿರುವುದಿಲ್ಲ. ಗಂಡ ಹೆಂಡಿರಿಬ್ಬರಲ್ಲಿಯೂ ಈ ಅಂಶವಿದ್ದರೆ, ಪ್ರತಿಯೊಂದು ಬಸಿರಿನಲ್ಲಿಯೂ ಮಗುವಿಗೆ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು ಪಾಲು. ಒಂದು ಮಗುವಿಗೆ ಬಂತು, ಇನ್ನು ಮೂರು ಮಕ್ಕಳು ಚೆನ್ನಾಗಿರುತ್ತವೆ ಎಂಬ ಲೆಕ್ಕ ಸರಿಯಲ್ಲ. ಪ್ರತಿ ಸಲವೂ ಅಷ್ಟೇ ಸಂಭವವಿರುತ್ತದೆ. ಸೋದರಮಾವ, ಅತ್ತೆಯ ಮಗ ಮುಂತಾದ ರಕ್ತಸಂಬಂಧಗಳಲ್ಲಿ ಇಬ್ಬರಲ್ಲಿಯೂ ಅಂಶವಿರುವ ಸಾಧ್ಯತೆ ಹೆಚ್ಚು. ಆದುದರಿಂದ ಮದುವೆಗೆ ಮೊದಲು, ಇಲ್ಲವೇ ಬಸುರಿಯಾದ ಆರಂಭದ ವಾರಗಳಲ್ಲಿಯೇ ಇಬ್ಬರೂ ರಕ್ತಪರೀಕ್ಷೆ ಮಾಡಿಸಿಕೊಳ್ಳಿರಿ. ಇದರಲ್ಲಿ ತಾಯಿಯದು ಎಷ್ಟೋ ತಂದೆಯದೂ ಅಷ್ಟೇ. ಹೆಂಡತಿಯನ್ನು ದೂಷಿಸುವುದು ಅಜ್ಞಾನ.

ಕೊನೆಯ ಮಾತು

ಈಗ ಮೊದಲು ಹೇಳಿದ ಮನೆಗೆ ಮರಳೋಣ. ಗಂಡ ಹೆಂಡಿರು ಈ ವಿಷಯಗಳನ್ನು ಮೊದಲೇ ತಿಳಿದು, ತಮ್ಮೊಳಗೆ ಒಂದು ಒಪ್ಪಂದ ಮಾಡಿಕೊಂಡಿದ್ದರೆಂದು ಭಾವಿಸಿರಿ. ಜ್ವರ ಬಂದಾಗ ಯಾರು ಮನೆಯಲ್ಲಿರುವರೋ ಅವರೇ ಹೊರಡುವುದು. ಯಾರ ಅಪ್ಪಣೆಗೂ ಕಾಯುವಂತಿಲ್ಲ. ಅತ್ತೆಯವರಿಗೂ ಇದನ್ನು ತಿಳಿಸಿದ್ದಾರೆ. ಆಗ ಆ ಸಂಜೆ ಬೇರೆಯಾಗಿರುತ್ತದೆ. ಅತ್ತೆಯವರೇ ಚೀಟಿಯ ಚೀಲವನ್ನು ಗೂಟದಿಂದ ತೆಗೆದುಕೊಡುವರು. ತಾಯಿ ಔಷಧಿ ಕುಡಿಸಿ, 108ಕ್ಕೆ ಹೇಳಿ, ಹುಡುಗನನ್ನು ಕಂಬಳಿಯಲ್ಲಿ ಸುತ್ತಿಕೊಂಡು ಹೊರಡುವರು. ಗಂಡನಿಗೆ ದಾರಿಯಿಂದ ಸುದ್ದಿ ಮುಟ್ಟಿಸುವರು. ಒಂದು ವೇಳೆ ಅದು ಸಾಧಾರಣ ಜ್ವರವೇ ಆಗಿದ್ದರೆ ನಷ್ಟವಾದುದು ಒಂದು ರಾತ್ರಿಯ ನಿದ್ದೆ ಮಾತ್ರ. ಅಲ್ಲವಾಗಿದ್ದರೆ ಉಳಿದುದು ಮಗನ ಪ್ರಾಣ.

ಇಂತಹ ಮಗು ನಿಮ್ಮ ಮನೆಯಲ್ಲಿದ್ದರೆ ಈ ಒಪ್ಪಂದವನ್ನು ಈ ದಿನವೇ ಮಾಡಿಕೊಳ್ಳಿರಿ. ನೆರೆಮನೆಯಲ್ಲಿದ್ದರೆ ಈ ಪುಸ್ತಿಕೆಯನ್ನು ಅವರಿಗೆ ಕೊಡಿರಿ. ಹೆಚ್ಚಿನ ವಿವರಗಳನ್ನು ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳಿಂದ ತಿಳಿದುಕೊಳ್ಳಿರಿ.